ಶ್ರಾವಣದಲ್ಲಿ ಬಂದ ವಾಲ್ವ್ ಪೆಟ್ಟಿಗೆ

ಮಳೆಗಾಲದಲ್ಲಿ ಮೊದಲ ಸಲ ಇಸ್ತ್ರಿ ಪೆಟ್ಟಿಗೆ ಹಚ್ಚಿದಾಗ ಒಂದು ವಾಸನೆ ಏಳುತ್ತದೆ. ಬೇಸಿಗೆಯುದ್ದಕ್ಕೂ ಕೂತ ಧೂಳಿಗೆ ತೇವ ಹಿಡಿದು, ಆ ಧೂಳು ಕಾದು ಬರುವ ವಾಸನೆ. ಕಳೆದ ವಾರ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಸೀರೆಯನ್ನು ಅಲ್ಲೇ ಬಿಟ್ಟು ಗೋಡೆಯ ಸ್ವಿಚ್ಚು ಆರಿಸಿದೆ. ಇಸ್ತ್ರಿ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಆದರೂ ಮತ್ತೆ ಹಚ್ಚದೆ ಸುಕ್ಕು ಸೀರೆಯನ್ನೇ ಉಟ್ಟು ಹೊರಟೆ. ಕೆಲವು ವರ್ಷಗಳ ಹಿಂದೆ, ಒಂದು ಶ್ರಾವಣ ಪೂರ್ತಿ ನಾನು ಈ ವಾಸನೆಯ ಜೊತೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಳೆದಿದ್ದೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಕರೆಂಟಿಗೆ ಹೆದರುತ್ತೇನೆ ಎಂದರೆ ಯಾರೂ ನಂಬುವುದಿಲ್ಲ. ಹಳೇ ಬಾಗಲಕೋಟೆಯಲ್ಲಿ, ಈಗ ಹಿನ್ನೀರು ನಿಂತಿರುವ ಓಣಿಯೊಂದರಲ್ಲಿ, ನಮ್ಮಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು. ನಾನಿನ್ನೂ ಸಣ್ಣವಳು. ಒಂದು ಸಂಜೆ ಚಹಾ ಕೊಡಲು ಹೋದಾಗ ಅಪ್ಪ ದೊಡ್ಡದೊಂದು ವಾಲ್ವ್ ರೇಡಿಯೋದೊಳಗೆ ಕೈ ಹಾಕಿದ್ದ. ಅದರ ವೈರು ಗೋಡೆಯಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು. ಆದರೂ ಚಟ್ ಎಂದು ಸದ್ದಾಯಿತು, ಅಪ್ಪ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಗಾಜಿನ ಲೋಟ ನನ್ನ ಕೈಯಿಂದ ಜಾರಿ ಒಡೆಯಿತು. ಅಪ್ಪ ಬದುಕಿದ; ಬಲಗೈಯ ಎರಡು ಬೆರಳು ಮಾತ್ರ ಕೊನೆಯತನಕ ಜೋಮು ಹಿಡಿದಂತೆಯೇ ಉಳಿದವು. ವೈರು ಕಿತ್ತ ಮೇಲೂ ಒಳಗಿನ ಕಂಡೆನ್ಸರುಗಳಲ್ಲಿ ಕರೆಂಟು ಕೂತಿರುತ್ತದೆ, ಯಾರಾದರೂ ಮುಟ್ಟುವುದನ್ನೇ ಕಾಯುತ್ತದೆ ಎಂಬುದು ನನ್ನ ತಲೆಯೊಳಗೆ ಅಂದೇ ಇಳಿಯಿತು. ಮುಂದೆ ನಾನೂ ಅದೇ ದಾರಿ ಹಿಡಿದೆನಾದರೂ ಐದು ವೋಲ್ಟಿನ ಚಿಪ್ಪುಗಳನ್ನು ಬಿಟ್ಟು ಆಚೆ ಹೋಗಲಿಲ್ಲ.

ಅಂಥವಳ ಮನೆಗೆ ಆ ಶ್ರಾವಣದ ಮೊದಲ ಭಾನುವಾರ ಮಲ್ಲಿಕಾರ್ಜುನ ಪೆಟ್ಟಿಗೆ ತಂದ. ಹಿಂದೆ ನನ್ನ ಕೈಯಲ್ಲಿ ಡಿಪ್ಲೊಮಾ ಓದಿದವನು. ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಮಷಿನುಗಳನ್ನು ನೋಡಿಕೊಳ್ಳುತ್ತಿದ್ದ, ಬಿಡುವಿನಲ್ಲಿ ಗಿಟಾರ್ ಬಾರಿಸುತ್ತಿದ್ದ. ಜಿಟಿಜಿಟಿ ಮಳೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ಆಟೋದಿಂದ ಇಳಿಸಿ ಕೂಸನ್ನು ಎತ್ತಿಕೊಂಡ ಹಾಗೆ ಒಳಗೆ ತಂದ. ಕಂದು ರೆಕ್ಸಿನ್ ಹೊದಿಸಿದ ಮರದ ಪೆಟ್ಟಿಗೆ. ಮುಂದೆ ಸ್ಪೀಕರಿಗೆ ಬಟ್ಟೆಯ ಪರದೆ, ಹಿಂದೆ ಸಾಲಾಗಿ ಗಾಜಿನ ವಾಲ್ವುಗಳು. ಗಿಟಾರಿನ ದನಿ ದೊಡ್ಡದು ಮಾಡುವ ಹಳೇ ಕಾಲದ ಆಂಪ್ಲಿಫೈಯರ್. ಮಾಡಿದವರ ಹೆಸರು ಅಳಿಸಿಹೋಗಿತ್ತು. ಎರಡೇ ಪಿನ್ನಿನ ವೈರು ಒಣಗಿ ಕಡ್ಡಿಯಾಗಿತ್ತು.

ಅದು ಅವನ ತಂದೆ ಶಿವಾನಂದ ಹಾಡುತ್ತಿದ್ದ ಆರ್ಕೆಸ್ಟ್ರಾದ್ದು. ಆ ತಂಡದ ಗಿಟಾರ್ ವಾದಕ ಮೆಹಬೂಬಸಾಬರು, ಸೀರೆಯ ನೂಲಿಗೆ ಬಣ್ಣ ಹಾಕುವ ಮನೆತನದವರು, ಶಿವಾನಂದನ ಜೀವದ ಗೆಳೆಯ. ಪೆಟ್ಟಿಗೆ ಇಷ್ಟು ವರ್ಷ ಅವರ ಮನೆಯ ಅಟ್ಟದ ಮೇಲಿತ್ತಂತೆ. ಮನೆಯ ಹಳೇ ಮಾಳಿಗೆ ಕೆಡವುವಾಗ ಅವರ ಮಕ್ಕಳು ಅದನ್ನು ಮೋಡಕಾಕ್ಕೆ, ಗುಜರಿಗೆ, ಹಾಕಲು ಹೊರಟಿದ್ದರು; ಮಲ್ಲಿಕಾರ್ಜುನ ನೋಡಿ ಕೇಳಿ ಇಸಿದುಕೊಂಡಿದ್ದ. ಸಾಬರು ಆಗ ಬಾದಾಮಿಯಲ್ಲಿ ಮಗಳ ಮನೆಗೆ ಹೋಗಿದ್ದರು.

ಅವನಿಗೆ ತಂದೆಯ ನೆನಪಿಲ್ಲ. ಅವನು ತೊಟ್ಟಿಲಲ್ಲಿದ್ದಾಗಲೇ ಶಿವಾನಂದ ಹುನಗುಂದದಲ್ಲಿ ಒಂದು ಮದುವೆಯ ಕಾರ್ಯಕ್ರಮದಲ್ಲಿ ಹಾಡುತ್ತ ಹಾಡುತ್ತಲೇ ಕರೆಂಟು ಹೊಡೆದು ತೀರಿಕೊಂಡಿದ್ದ. ಮೈಕ್ ಸೆಟ್ಟಿನವನ ತಪ್ಪು ಎಂದು ಊರಿಗೆ ಊರೇ ಮಾತಾಡಿತ್ತು. ಶಿವಾನಂದನ ಹಾಡು ಯಾರ ಹತ್ತಿರವೂ ಟೇಪಿನಲ್ಲಿ ಉಳಿದಿರಲಿಲ್ಲ. ಒಂದು ಫೋಟೊ ಇತ್ತು: ಮೈಕ್ ಹಿಡಿದ ತರುಣ, ಅವನ ಬೆನ್ನ ಹಿಂದೆ ಇದೇ ಪೆಟ್ಟಿಗೆ.

"ಅಪ್ಪನ ದನಿ ಹೆಂಗಿತ್ತು ನನಗ ಗೊತ್ತಿಲ್ರಿ ಮೇಡಂ. ಅವನ ಹಿಂದ ಕೇಳತಿದ್ದ ದನಿಯರ ಕೇಳಬೇಕು," ಎಂದ.

ಪೆಟ್ಟಿಗೆಯನ್ನು ಹಿಂದಿನ ಕೋಣೆಯಲ್ಲಿ ಇಡಲು ಹೇಳಿದೆ.

ಅವನು ಹೋದ ಮೇಲೆ ಎರಡು ದಿನ ಆ ಕೋಣೆಯ ಬಾಗಿಲು ಹಾಕಿಯೇ ಇಟ್ಟಿದ್ದೆ. ಬಟ್ಟೆ ಒಣಹಾಕಲು ಒಳಗೆ ಹೋದರೂ ಪೆಟ್ಟಿಗೆಯಿಂದ ದೂರ ಸರಿದು ನಡೆಯುತ್ತಿದ್ದೆ. ಮೂರನೆಯ ದಿನ ಅಪ್ಪನ ತಗಡಿನ ಟ್ರಂಕು ತೆಗೆದೆ. ರಬ್ಬರ್ ಹಿಡಿಕೆಯ ಇಕ್ಕಳ, ಬೆಸುಗೆಯ ಸಾಮಾನು, ಹಳೇ ಪೇಪರಿನಲ್ಲಿ ಸುತ್ತಿದ ನಾಲ್ಕಾರು ವಾಲ್ವು ಇದ್ದವು. ಕೆಲಸ ಮಾಡುವಾಗ ಒಂದು ಕೈ ಬೆನ್ನ ಹಿಂದೆ ಇರಬೇಕು ಎನ್ನುತ್ತಿದ್ದ ಅಪ್ಪ. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಹೊಕ್ಕು ಎದೆ ದಾಟಿ ಇನ್ನೊಂದು ಕೈಯಿಂದ ಹೋಗುತ್ತದೆ. ನಾನು ಎಡಗೈಯನ್ನು ಬೆನ್ನ ಹಿಂದೆ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಹಲಗೆ ಬಿಚ್ಚಿದೆ.

ಒಳಗೆ ಜೇಡರ ಬಲೆ, ಇಲಿ ಕಡಿದ ವೈರು, ಹೊಟ್ಟೆ ಉಬ್ಬಿದ ಕಂಡೆನ್ಸರುಗಳು. ಒಂದು ವಾಲ್ವಿನ ಗಾಜು ಒಳಗೆ ಹಾಲಿನಂತೆ ಬೆಳ್ಳಗಾಗಿತ್ತು; ಗಾಳಿ ಹೊಕ್ಕಿದೆ, ಇನ್ನು ಅದು ಸತ್ತ ಹಾಗೆ. ಸ್ಪೀಕರಿನ ಕಾಗದವನ್ನು ಹುಳು ತಿಂದಿತ್ತು. ಟ್ರಾನ್ಸ್‌ಫಾರ್ಮರ್ ಮಾತ್ರ ಗಟ್ಟಿಯಾಗಿತ್ತು. ಅದೊಂದು ಸುಟ್ಟಿದ್ದರೆ ನಿರಾಳವಾಗಿ ಪೆಟ್ಟಿಗೆ ಮುಚ್ಚಿಬಿಡುತ್ತಿದ್ದೆ.

ಮೆಹಬೂಬಸಾಬರು ಬಂದದ್ದು ಅದೇ ವಾರ, ಒಂದು ಮಧ್ಯಾಹ್ನ. ಬಿಳಿ ಗಡ್ಡ, ತೊಯ್ದ ಜುಬ್ಬಾ, ಕೈಯಲ್ಲಿ ಮುರಿದ ಕೊಡೆ. ಯಾರೆಂದು ಹೇಳಿಕೊಂಡು, ಒಳಗೆ ಬರಲು ಹಿಂದೆಮುಂದೆ ನೋಡುತ್ತ ಬಾಗಿಲಲ್ಲೇ ನಿಂತರು. ಬಾದಾಮಿಯಿಂದ ವಾಪಸು ಬಂದವರು ಪೆಟ್ಟಿಗೆ ರಿಪೇರಿಗೆ ಹೋದದ್ದು ಕೇಳಿ ಅನ್ನ ಬಿಟ್ಟಿದ್ದರಂತೆ. ನಾನು ಕೊಟ್ಟ ಚಹಾವನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡರು.

"ಮೇಡಮ್ಮರ, ಆ ಪೆಟಗಿ ರಿಪೇರಿ ಮಾಡಬ್ಯಾಡ್ರಿ. ಆಗೂದಿಲ್ಲ ಅಂತ ಹುಡುಗಗ ಹೇಳಿಬಿಡ್ರಿ."

ಯಾಕೆ ಎಂದು ಕೇಳಿದೆ. ಶಿವಾನಂದ ತೀರಿಕೊಂಡ ಸಂಜೆಯ ಕಥೆ ಹೇಳಿದರು. ಅಂದೂ ಇಂಥದೇ ಮಳೆ. ಬಯಲಲ್ಲಿ ಮಂಟಪ, ಕಾಲಡಿ ಹಸಿ ಮಣ್ಣು. ಹಾಡು ಮುಗಿಯುವಾಗ ಶಿವಾನಂದ ಒಂದು ಕೈಯಲ್ಲಿ ಮೈಕ್ ಹಿಡಿದು, ಇನ್ನೊಂದು ಕೈಯನ್ನು ಗಿಟಾರಿನ ತಂತಿಗಳ ಮೇಲೆ ಒತ್ತಿ ದನಿ ನಿಲ್ಲಿಸುತ್ತಿದ್ದ. ಅದು ಅವನ ಆಟ, ಜನ ಅದಕ್ಕೇ ಚಪ್ಪಾಳೆ ತಟ್ಟುತ್ತಿದ್ದರು. ಅಂದೂ ಒತ್ತಿದ. ಕೈ ತೆಗೆಯಲಿಲ್ಲ. ಆಟವೇ ಇರಬೇಕೆಂದು ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು.

"ಎಲ್ಲಾರೂ ಮೈಕಿನಂವನ್ನ ಬೈದ್ರು. ಆದ್ರ ಆವತ್ತು ಬಾರಸೂಮುಂದ ತಂತಿ ನನ್ನ ಬೆರಳಿಗೆ ಜುಮ್ ಜುಮ್ ಅಂತಿತ್ತು, ತಂಗಿ. ಮಳಿ ದಿವ್ಸ ಹಂಗ ಆಗ್ತೈತಿ ಅಂತ ನಾವೆಲ್ಲಾ ನಗತಿದ್ವಿ," ಎಂದರು. ಕೊನೆಗೆ, "ಶಿವೂನ ನುಂಗಿದ್ದು ನನ್ನ ಪೆಟಗೀನ ಇರಬೇಕು. ಈಗ ಅವನ ಮಗ ಅದನ್ನ ಹಚಗೊಂಡು ಕುಂಡ್ರತೇನಿ ಅಂತಾನ. ನನಗ ನಿದ್ದಿ ಇಲ್ಲ," ಎಂದರು.

ಅವರು ಹೋದ ಕೂಡಲೇ ನಾನು ಹುಡುಕಿದ್ದು ಒಂದೇ ಒಂದು ಕಂಡೆನ್ಸರನ್ನು. ಮೂರನೆಯ ಪಿನ್ನು, ಅರ್ತಿಂಗು ಇಲ್ಲದ ಕಾಲದ ಪೆಟ್ಟಿಗೆಗಳಲ್ಲಿ ಗುಂಯ್‌ಗುಡುವ ಸದ್ದು ಕಡಿಮೆಯಾಗಲೆಂದು ಕರೆಂಟಿನ ಲೈನಿಗೂ ಒಳಗಿನ ಕಬ್ಬಿಣದ ತಟ್ಟೆಗೂ ನಡುವೆ ಒಂದು ಕಂಡೆನ್ಸರ್ ಕೂಡಿಸುತ್ತಿದ್ದರು. ಅದು ಗಟ್ಟಿಯಿರುವತನಕ ಸರಿ. ಕೆಟ್ಟು ಸೋರಿತೆಂದರೆ ತಟ್ಟೆಗೆ ಕರೆಂಟು ಇಳಿಯುತ್ತದೆ, ತಟ್ಟೆಯಿಂದ ವೈರಿನ ಗುಂಟ ಗಿಟಾರಿನ ತಂತಿಗೆ. ಮೂಲೆಯಲ್ಲಿ ಮೇಣ ಬಳಿದ, ತುಟಿ ಸೀಳಿದಂತೆ ಒಡೆದ ಕಂಡೆನ್ಸರ್ ಕಂಡಿತು. ಬಿಚ್ಚಿ ಮೀಟರಿಗೆ ಹಿಡಿದೆ. ಮುಳ್ಳು ಅರ್ಧಕ್ಕಿಂತ ಆಚೆ ಹೋಗಿ ನಿಂತುಬಿಟ್ಟಿತು. ಪೂರಾ ಸೋರುತ್ತಿತ್ತು. ಅಂದೂ ಹೀಗೆಯೇ ಇತ್ತೋ, ಇಷ್ಟು ವರ್ಷ ಅಟ್ಟದಲ್ಲಿ ಬಿದ್ದು ಹೀಗಾಯಿತೋ ಹೇಳಲಾಗದು. ಆದರೆ ಮಲ್ಲಿಕಾರ್ಜುನ ಇದನ್ನು ಹಾಗೇ ಹಚ್ಚಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳಬಹುದಾಗಿತ್ತು.

ಆ ಸಂಜೆ ಅವನಿಗೆ ಫೋನ್ ಮಾಡಿ, ಇದರ ಸಾಮಾನು ಈಗ ಸಿಗುವುದಿಲ್ಲ, ಪೆಟ್ಟಿಗೆಯನ್ನು ನೆನಪಿಗೆಂದು ಇಟ್ಟುಕೋ ಎಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ.

"ಇರಲಿ ಬಿಡ್ರಿ ಮೇಡಂ, ಐತ್ವಾರ ಬಂದು ಒಯ್ತೇನಿ. ಫೋನಿನ್ಯಾಗ ವಿಡಿಯೋ ಅದಾವ. ನೋಡಿ ನಾನ ಮಾಡ್ತೇನಿ," ಎಂದ.

ಇವನು ಮಾಡಿಯೇ ಮಾಡುತ್ತಾನೆ. ಇದನ್ನು ಸರಿಪಡಿಸಲು ಎಷ್ಟು ಹೆದರಿಕೆಯಿತ್ತೋ, ಸರಿಪಡಿಸದೆ ಅವನ ಕೈಗೆ ಕೊಡಲು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಬರಬೇಡ, ಹುಬ್ಬಳ್ಳಿಯಲ್ಲಿ ಇನ್ನೊಂದು ಸಲ ಕೇಳಿ ನೋಡುತ್ತೇನೆ ಎಂದೆ.

ಆಮೇಲಿನ ದಿನಗಳು ಒಂದರೊಳಗೊಂದು ಕಲಸಿಹೋಗಿವೆ. ಕಾಲೇಜು ಬಿಟ್ಟು ಬಂದು, ಮುಖ ತೊಳೆದು, ಬೆಳಕಿರುವಷ್ಟು ಹೊತ್ತು ಪೆಟ್ಟಿಗೆಯ ಮುಂದೆ ಕೂರುವುದು. ಹೊರಗೆ ಮಳೆ ಹನಿಯುತ್ತಲೇ ಇರುತ್ತಿತ್ತು. ಗೋಡೆ, ನೆಲ, ಸ್ಟೂಲಿನ ಕಾಲು ಎಲ್ಲಕ್ಕೂ ತೇವ ಹತ್ತಿತ್ತು. ಆ ತೇವವೇ ನನ್ನನ್ನು ಹೆಚ್ಚು ಹೆದರಿಸುತ್ತಿತ್ತು. ಕಾಲಡಿ ರಬ್ಬರ್ ಚಾಪೆ, ಅದರ ಮೇಲೆ ಮರದ ಮಣೆ. ಕೆಟ್ಟ ಕಂಡೆನ್ಸರುಗಳನ್ನೆಲ್ಲ ಬದಲಿಸಿದೆ, ಸ್ಪೀಕರಿಗೆ ಹೊಸ ಕಾಗದ ಹಾಕಿಸಿದೆ. ಬೆಳ್ಳಗಾದ ವಾಲ್ವಿನ ಜಾಗಕ್ಕೆ ಅಪ್ಪನ ಟ್ರಂಕಿನಲ್ಲಿದ್ದುದೇ ಒಂದು ಕೂತಿತು. ಆ ಮೂಲೆಯ ಕಂಡೆನ್ಸರನ್ನು ತೆಗೆದೇಬಿಟ್ಟೆ. ಹೊಸ ಮೂರು ಪಿನ್ನಿನ ವೈರು ಹಾಕಿ, ಅರ್ತಿಂಗಿನ ಹಸಿರು ಎಳೆಯನ್ನು ಕಬ್ಬಿಣದ ತಟ್ಟೆಗೆ ಬಿಗಿದೆ. ಇನ್ನು ಎಲ್ಲಿ ಕರೆಂಟು ಸೋರಿದರೂ ಅದು ಆ ಎಳೆ ಹಿಡಿದು ನೆಲಕ್ಕೆ ಹೋಗಬೇಕು, ಮನುಷ್ಯನ ಮೈಗೆ ಬರಬಾರದು.

ಮೊದಲ ಸಲ ಹಚ್ಚಿದ ದಿನ ನೇರವಾಗಿ ಕರೆಂಟು ಕೊಡಲಿಲ್ಲ. ನಡುವೆ ಒಂದು ಬಲ್ಬು ಕೂಡಿಸಿದೆ. ಒಳಗೆ ಏನಾದರೂ ತಗುಲಿದ್ದರೆ ಆ ಬಲ್ಬು ಪೂರ್ತಿ ಉರಿದು ತೋರಿಸುತ್ತದೆ. ಸ್ವಿಚ್ಚು ಒತ್ತಿ ಬಾಗಿಲ ಹತ್ತಿರ ಹೋಗಿ ನಿಂತೆ. ಬಲ್ಬು ಝಗ್ಗನೆ ಹೊತ್ತಿ, ನಿಧಾನವಾಗಿ ಮಂಕಾಯಿತು. ವಾಲ್ವುಗಳೊಳಗೆ ಕೆಂಡದ ಚೂರುಗಳಂತೆ ಕೆಂಪು ಮೂಡಿತು. ಕಾದ ಧೂಳಿನ ವಾಸನೆ ಕೋಣೆ ತುಂಬಿತು. ಆಮೇಲೆ ಸ್ಪೀಕರಿನಿಂದ, ತಗ್ಗಿನಲ್ಲಿ ಜೇನು ಎದ್ದಂತೆ, ಗುಂಯ್ ಎಂಬ ಸದ್ದು.

ಆ ಸದ್ದು ಹೋಗಲು ವಾರ ಹಿಡಿಯಿತು. ಒಂದು ಸಂಜೆ ಅದರ ಬೆನ್ನು ಹತ್ತಿದ್ದಾಗಲೇ ಲೈಟು ಹೋಯಿತು. ಫ್ಯಾನ್ ನಿಂತಿತು, ಸದ್ದು ಸಾಯಿತು. ಕರೆಂಟೇ ಇಲ್ಲವಲ್ಲ ಎಂದು ಸಡಿಲವಾದ ಬೆಸುಗೆಯೊಂದನ್ನು ಮುಟ್ಟಿ ನೋಡಲು ಬೆರಳು ಚಾಚಿದೆ. ಎರಡು ಅಂಗುಲ ಉಳಿದಿತ್ತು. ಅಪ್ಪ ಬಿದ್ದದ್ದು ಕಣ್ಣ ಮುಂದೆ ಬಂತೋ, ಕೈಯೇ ತಾನಾಗಿ ನಿಂತಿತೋ ತಿಳಿಯದು. ಹಿಂದಕ್ಕೆ ಸರಿದು, ರಬ್ಬರ್ ಹಿಡಿಕೆಯ ಸ್ಕ್ರೂಡ್ರೈವರನ್ನು ಅದೇ ಜಾಗಕ್ಕೂ ತಟ್ಟೆಗೂ ಅಡ್ಡ ಹಿಡಿದೆ. ಪಟಾಕಿಯಂತೆ ಸಿಡಿಯಿತು. ನೀಲಿ ಕಿಡಿ. ಸ್ಕ್ರೂಡ್ರೈವರಿನ ತುದಿ ಕರಗಿ ಗುಂಡಗಾಗಿತ್ತು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಮಳೆಯಲ್ಲೇ ಕೂತೆ. ಅಂದು ಮತ್ತೆ ಒಳಗೆ ಹೋಗಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಸರಿಯಾಯಿತು. ಮಲ್ಲಿಕಾರ್ಜುನನನ್ನು ಕರೆಸಿಕೊಂಡು, ಅದನ್ನು ತೆಗೆದುಕೊಂಡು ಅವನ ಜೊತೆಗೇ ಇಳಕಲ್ಲಿಗೆ ಹೋದೆ. ಬೇರೆಯವರ ಮನೆಯಲ್ಲಿ ಅದು ಮೊದಲ ಸಲ ಉರಿಯುವಾಗ ನಾನು ಎದುರಿಗಿರಬೇಕು ಎನಿಸಿತ್ತು. ಸಾಬರಿಗೆ ಮೊದಲೇ ಫೋನ್ ಮಾಡಿ, ಆಗುವುದಿಲ್ಲ ಎಂದರೆ ಹುಡುಗ ತಾನೇ ಕೈ ಹಾಕುತ್ತಾನೆ, ಅದಕ್ಕೇ ನಾನು ಮಾಡಿದೆ ಎಂದು ಹೇಳಿದ್ದೆ. ಅವರು ಬಂದು ಪಡಸಾಲೆಯ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂತರು. ಮಲ್ಲಿಕಾರ್ಜುನನ ತಾಯಿ ಗಂಗಮ್ಮ ಅಡುಗೆಮನೆಯಿಂದ ನನಗೆ ಚಹಾ ತಂದುಕೊಟ್ಟರು. ಸಾಬರ ಲೋಟವನ್ನು ಮಗನ ಕೈಗೆ ಕೊಟ್ಟು ಒಳಗೆ ಹೋದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ; ಶಿವಾನಂದ ಹೋದಾಗಿನಿಂದ ಹೀಗೆಯೇ ಇರಬೇಕು.

ಚಹಾ ಬಾಯಿಗಿಡುವಾಗ ನೋಡುತ್ತೇನೆ, ಮಲ್ಲಿಕಾರ್ಜುನ ಗಿಟಾರನ್ನು ಕೊರಳಿಗೆ ಹಾಕಿಕೊಂಡು, ಅದರ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿ, ಮೂರು ಪಿನ್ನಿನ ಪ್ಲಗ್ಗನ್ನು ಗೋಡೆಯ ಹತ್ತಿರ ಒಯ್ಯುತ್ತಿದ್ದಾನೆ.

"ತಡಿ," ಎಂದೆ. ಯಾಕೆಂದು ನನಗೇ ಗೊತ್ತಿರಲಿಲ್ಲ. ಹೆದರಿಕೆಯ ಚಾಳಿ, ಅಷ್ಟೇ. ಎದ್ದು ಹೋಗಿ ಟೆಸ್ಟರನ್ನು ಆ ಪ್ಲಗ್ ಪಾಯಿಂಟಿನ ಮೇಲಿನ ದೊಡ್ಡ ತೂತಿಗೆ ಇಟ್ಟೆ. ಅದು ಅರ್ತಿಂಗಿನ ತೂತು. ಅಲ್ಲಿ ಕರೆಂಟು ತೋರಿಸುವ ಟೆಸ್ಟರಿನ ದೀಪ ಎಂದೂ ಹೊತ್ತಬಾರದು.

ಹೊತ್ತಿತು. ಕೆಂಪಗೆ, ತುಂಬಿ.

ನಾನು ಮನುಷ್ಯನ ಜೀವ ಉಳಿಯಲೆಂದು ಬಿಗಿದ ಆ ಹಸಿರು ಎಳೆಯೇ ಗೋಡೆಯ ಕರೆಂಟನ್ನು ನೇರ ಪೆಟ್ಟಿಗೆಯ ತಟ್ಟೆಗೆ, ತಂತಿಗೆ, ಅವನ ಬೆರಳಿಗೆ ಒಯ್ಯುವುದರಲ್ಲಿತ್ತು. ಪ್ಲಗ್ಗು ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಕಿತ್ತುಕೊಂಡೆ. ಮೇನ್ ಸ್ವಿಚ್ಚು ಎಲ್ಲಿದೆ ಎಂದು ಕೇಳಿದೆ.

ಮೇನ್ ತೆಗೆದು ಬೋರ್ಡು ಬಿಚ್ಚಿದಾಗ ಗೊತ್ತಾಯಿತು. ಆ ಮನೆಗೆ ಅರ್ತಿಂಗೇ ಇರಲಿಲ್ಲ. ಎಂದೋ ಯಾರೋ ಅರ್ತಿಂಗಿನ ಪಿನ್ನಿಗೂ ಪಕ್ಕದ ತಣ್ಣನೆಯ, ಎಂದರೆ ನ್ಯೂಟ್ರಲ್, ವೈರಿಗೂ ಒಂದು ತುಂಡು ತಂತಿ ಹಾಕಿ ಕೂಡಿಸಿ ಕೈ ತೊಳೆದುಕೊಂಡಿದ್ದರು. ವಿಚಾರಿಸಿದರೆ, ಈಚೆಗೆ ಮಳೆಗಾಳಿಗೆ ಕಂಬದ ವೈರು ಹರಿದಾಗ ಓಣಿಯವರೇ ಯಾರೋ ಜೋಡಿಸುವಾಗ ಎರಡನ್ನೂ ಅದಲುಬದಲು ಮಾಡಿದ್ದರು. ತಣ್ಣನೆಯ ವೈರು ಬಿಸಿಯಾಯಿತು. ಅದರ ಜೊತೆ, ಮೂರು ಪಿನ್ನಿನ ಪ್ಲಗ್ಗು ಇರುವ ಪ್ರತಿಯೊಂದು ಕಬ್ಬಿಣದ ಸಾಮಾನೂ.

ನನಗೆ ಫ್ರಿಜ್ಜು ಕಂಡಿತು. ಗಂಗಮ್ಮನವರನ್ನು ಕೇಳಿದೆ.

"ಹೌದ್ರಿ, ಗಾಳಿ ಮಳಿ ಆದಾಗಿಂದ ಜುಮ್ ಅಂತೈತಿ. ಅದಕ್ಕ ನಾ ಮುಟ್ಟೂದಿಲ್ರಿ, ಸೆರಗು ಹಿಡದು ತೆಗಿತೇನಿ. ಕಾಲಾಗ ಚಪ್ಲಿ ಇರ್ತಾವಲ್ರಿ," ಎಂದರು.

ಮಲ್ಲಿಕಾರ್ಜುನ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ಅವ್ವ ಇದನ್ನು ಹೇಳಿಯೇ ಇರಲಿಲ್ಲ. ಹೇಳುವಂಥ ಮಾತು ಎಂದು ಅವರಿಗೆ ಅನಿಸಿರಲಿಲ್ಲ.

ಅಂದು ಪೆಟ್ಟಿಗೆ ಹಚ್ಚಲಿಲ್ಲ. ಲೈಸೆನ್ಸ್ ಇದ್ದ ವೈರ್‌ಮನ್ ಒಬ್ಬರನ್ನು ಹುನಗುಂದದಿಂದ ಕರೆಸಿ ವೈರೆಲ್ಲ ಸರಿ ಮಾಡಿಸಿ, ಮುಂದಿನ ಭಾನುವಾರ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅರ್ತಿಂಗಿಗೆ ಗುಂಡಿ ತೋಡಿಸಿದೆವು. ನಾನು ಮತ್ತೆ ಹೋಗಿದ್ದೆ. ಗುಂಡಿಗೆ ಬೇಕಾದ ಇದ್ದಿಲನ್ನು ಸಾಬರು ತಮ್ಮ ಬಣ್ಣದ ಒಲೆಯಿಂದ ಚೀಲ ತುಂಬಿ ತಂದರು. ಕೊಳವೆಯ ಸುತ್ತ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯುವಾಗ, ತಾಯಿ ಮಗ ಇಬ್ಬರೂ ಅಲ್ಲೇ ಇದ್ದಾಗ, ಅವರು ನನ್ನನ್ನು ನೇರವಾಗಿ ಕೇಳಿದರು: "ಆವತ್ತು ನನ್ನ ಪೆಟಗೀನ ಏನು, ತಂಗಿ?"

ಬೆರಳು ಜುಮ್ ಎಂದದ್ದನ್ನೂ ಅವರೇ ಎಲ್ಲರೆದುರು ಹೇಳಿದರು. ನನಗೆ ತಿಳಿದಷ್ಟು ಹೇಳಿದೆ. ಒಂದು ಕಂಡೆನ್ಸರ್ ಈಗ ಸೋರುತ್ತಿತ್ತು, ಅಂದು ಸೋರುತ್ತಿತ್ತೋ ಇಲ್ಲವೋ ತಿಳಿಯದು. ಮೈಕಿನ ಕಡೆಯ ವೈರು ತಪ್ಪಿದ್ದಿರಬಹುದು, ಮಂಟಪದ ಲೈನು ಈ ಮನೆಯ ಹಾಗೇ ತಿರುಗುಮುರುಗಾಗಿದ್ದಿರಬಹುದು. ಯಾವುದು ಎಂದು ಇನ್ನು ಯಾರೂ ಹೇಳಲಾರರು. ಅವರಿಗೆ ಸಮಾಧಾನವಾಯಿತು ಎಂದು ನಾನು ಹೇಳಲಾರೆ. ಕೊಡ ಎತ್ತಿ ಉಳಿದ ನೀರನ್ನು ಗುಂಡಿಗೆ ಹೊಯ್ದರು. ಗಂಗಮ್ಮ ಗುಂಡಿಯನ್ನೇ ನೋಡುತ್ತ ನಿಂತಿದ್ದರು.

ಒಳಗೆ ಬಂದು ಮತ್ತೆ ಟೆಸ್ಟರ್ ಇಟ್ಟೆ. ಹೊತ್ತಲಿಲ್ಲ. ಪ್ಲಗ್ಗು ಹಾಕಿ, ವಾಲ್ವು ಕಾದ ಮೇಲೆ ಗಿಟಾರಿನ ತಂತಿಗೂ, ಪರೀಕ್ಷೆಗೆಂದೇ ತರಿಸಿ ಹಚ್ಚಿದ್ದ ಮೈಕ್ ಸೆಟ್ಟಿನ ಮೈಕಿಗೂ ನಡುವೆ ಮೀಟರ್ ಹಿಡಿದೆ. ಸೊನ್ನೆ. ಮಲ್ಲಿಕಾರ್ಜುನ ಕೈ ಚಾಚಿದಾಗ ಸಾಬರು ಅಡ್ಡ ಬಂದರು. ಮೀಟರು ಏನೇ ಹೇಳಲಿ, ಮೊದಲು ಹಿಡಿಯುವವನು ತಾನು ಎಂದರು. ಬೇಡವೆಂದರೂ ಕೇಳದೆ ಚಪ್ಪಲಿ ಬಿಟ್ಟು, ಒಂದು ಕೈಯಲ್ಲಿ ಮೈಕ್ ಹಿಡಿದು, ಇನ್ನೊಂದು ಅಂಗೈಯನ್ನು ಎಲ್ಲ ತಂತಿಗಳ ಮೇಲೆ ಒತ್ತಿ ಕಣ್ಣು ಮುಚ್ಚಿದರು. ಅವರ ಗಡ್ಡ ಅದುರುತ್ತಿತ್ತು.

"ಸಾಕಣ್ಣಾ, ಬಿಡ್ರಿ," ಎಂದರು ಗಂಗಮ್ಮ.

ಅವರು ಬಿಡಲಿಲ್ಲ. ಬೆರಳುಗಳು ಮೈಕಿನ ಸುತ್ತ ಬಿಗಿದು ಬೆಳ್ಳಗಾಗಿದ್ದವು. ಕರೆಂಟು ಹಿಡಿದರೆ ಕೈ ಹೀಗೆಯೇ ಮುಚ್ಚಿಕೊಳ್ಳುತ್ತದೆ. ನಾನು ಓಡಿಹೋಗಿ ಮೇನ್ ಎಳೆದೆ. ಮುಟ್ಟಬೇಡ ಎನ್ನುವ ಮೊದಲೇ ಮಲ್ಲಿಕಾರ್ಜುನ ಅವರ ಮುಂಗೈ ಹಿಡಿದಿದ್ದ. ಏನೂ ಆಗಲಿಲ್ಲ.

"ಕರೆಂಟಲ್ಲೋ ತಮ್ಮಾ," ಎಂದರು ಸಾಬರು ಕಣ್ಣು ತೆರೆದು. "ಬಿಡಾಕ ಬೆರಳು ಬರವಲ್ವು."

ಅವನು ಒಂದೊಂದೇ ಬೆರಳು ಬಿಡಿಸಿದ. ಗಂಗಮ್ಮ ನೀರು ತಂದು, ಈ ಸಲ ತಾವೇ ಸಾಬರ ಕೈಗೆ ಕೊಟ್ಟರು. ಅವರು ಪೂರ್ತಿ ಕುಡಿದರು.

ನಾನು ಮೇನ್ ಮತ್ತೆ ಹಾಕಿದೆ. ವಾಲ್ವುಗಳು ಕೆಂಪಗಾಗುವತನಕ ಎಲ್ಲರೂ ಕಾದೆವು. ಮಲ್ಲಿಕಾರ್ಜುನ ಗಿಟಾರ್ ಹಿಡಿದು ಕೂತ. ಸಾಬರು ಅವನ ಪಕ್ಕಕ್ಕೆ ಕೂತು, "ಬಾರಸು. ನಾ ಇಲ್ಲೇ ಅದೇನಿ," ಎಂದರು. ದುಂಡಗಿನ, ತುಸು ಒಡೆದ, ಬೆಚ್ಚಗಿನ ದನಿಯೊಂದು ಪಡಸಾಲೆ ತುಂಬಿತು. ಗಂಗಮ್ಮ ಅಡುಗೆಮನೆಗೆ ಹೋಗದೆ ಬಾಗಿಲ ಚೌಕಟ್ಟಿಗೆ ಒರಗಿ ಕೂತರು. ಅವನು ಏನು ಬಾರಿಸಿದ ಎಂದು ಈಗ ಕೇಳಿದರೆ ಹೇಳಲಾರೆ. ಅದು ಮುಗಿಯುವತನಕ ನನ್ನ ಕೈ ಮೇನ್ ಸ್ವಿಚ್ಚಿನ ಮೇಲೇ ಇತ್ತು.